ಗಂಗಾಳ ತುಂಬ ಉಣ್ಣುವ ಗೋಕಾಕ ಸೀಮೆಯವರಿಗೆ ಒಂದು ಬಹಿರಂಗ ಪತ್ರ



ಈ ಪತ್ರ ಊರಿನವರೆಲ್ಲರ ಹೆಸರಿಗೆ ಬರೆದದ್ದಲ್ಲ. "ಸಾಕು" ಅಂದ ಮೇಲೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವವರಿಗೆ, ಬೋಗುಣಿಯಲ್ಲಿ ಉಳಿದ ಪಲ್ಯ ಕೆಡಬಾರದೆಂದು ತಾವೇ ಬಳಿದು ಉಣ್ಣುವ ತಾಯಂದಿರಿಗೆ, ಹಗಲೆಲ್ಲ ಬರೀ ಚಹಾದ ಮೇಲಿದ್ದು ರಾತ್ರಿ ಹತ್ತಕ್ಕೆ ಮನೆ ಸೇರಿ ಇಡೀ ದಿನದ ಊಟವನ್ನು ಒಮ್ಮೆಲೇ ಮುಗಿಸುವ ಅಂಗಡಿಕಾರರಿಗೆ, ಮನೆಮಂದಿ ಮಲಗಿದ ಮೇಲೆ ಚೂಡಾದ ಡಬ್ಬಿ ತೆರೆಯುವವರಿಗೆ ಇದು ಸಲ್ಲಬೇಕು. ಅಂಥವರ ಎದುರು ನಿಂತು "ಉಣ್ರೀ, ಒಂದಕ್ಕೇನಾಗ್ತೈತಿ" ಎಂದು ಬಡಿಸುವ ಕೈಗಳಿಗೂ ಒಂದೆರಡು ಮಾತಿದೆ. ಅದು ಕೊನೆಗೆ.

ಬೈಯುವುದಕ್ಕೆ ಬರೆಯುತ್ತಿಲ್ಲ, ಬೈಗುಳ ನಿಮಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ಲಗ್ನದ ಮನೆಯಲ್ಲಿ ಪರಿಚಯ ಇಲ್ಲದವರೂ ನಿಮ್ಮ ಹೊಟ್ಟೆಯ ಬಗ್ಗೆ ಒಂದು ಅಭಿಪ್ರಾಯ ಹೇಳಿ ಹೋಗುತ್ತಾರೆ. ಡಾಕ್ಟರು ಚೀಟಿ ಬರೆಯುತ್ತ "ಬಾಯಿ ಕಟ್ಟ್ರಿ" ಅನ್ನುತ್ತಾರೆ. ಹೇಗೆ ಕಟ್ಟಬೇಕೆಂದು ಹೇಳಲು ಅವರಿಗೆ ಹೊತ್ತಿರುವುದಿಲ್ಲ, ಹೊರಗೆ ಇನ್ನೂ ನಲವತ್ತು ಮಂದಿ ಕುಳಿತಿರುತ್ತಾರೆ. ಈ ಪತ್ರ ಬರೆಯುವವನಿಗೆ ಕಾಣುವುದು ಇಷ್ಟು: ಈ ಸೀಮೆಯಲ್ಲಿ ದುಡಿಮೆ ಬದಲಾಗಿ ಒಂದು ತಲೆಮಾರು ಕಳೆಯಿತು, ಬಡಿಸುವ ಅಳತೆ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ. ತಪ್ಪನ್ನು ನಿಮ್ಮ ಬಾಯಿಯ ಮೇಲಷ್ಟೇ ಹಾಕಿದರೆ ನಡೆಯದು.

ಗೋಕಾಕ ಫಾಲ್ಸ್ ಎಂಬ ಊರು ಹುಟ್ಟಿದ್ದೇ ದುಡಿಮೆಯಿಂದ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಜಾಗದಲ್ಲಿ, ಆ ನೀರಿನ ಬಲವನ್ನೇ ನೆಚ್ಚಿಕೊಂಡು, 1885ರಲ್ಲಿ ಹತ್ತಿ ಗಿರಣಿಯ ಕಂಪನಿ ಶುರುವಾಯಿತು. ಪಾಳಿ ಮುಗಿಸಿದವರು, ಪಾಳಿಗೆ ಹೊರಟವರು ಬುತ್ತಿ ಗಂಟು ಹಿಡಿದು ನಡೆದೇ ಹೋಗುತ್ತಿದ್ದ ಕಾಲವದು. ಗಂಟಿನಲ್ಲಿ ನಾಲ್ಕೈದು ಜೋಳದ ರೊಟ್ಟಿ, ಪುಂಡಿಪಲ್ಯ ಅಥವಾ ಮಡಕಿಕಾಳಿನ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ, ಚಿಟಿಕೆ ಹಿಂಡಿ. ಪಾಳಿ ಪೂರ್ತಿ ಯಂತ್ರದ ಮುಂದೆ ನಿಂತೇ ಇರುವ ಕೆಲಸ. ಗಿರಣಿಯ ಹೊರಗೆ, ಹೊಲದಲ್ಲಿ, ರಂಟಿ-ಕುಂಟಿ ಹಿಡಿದವರ ದಿನವೂ ಇದಕ್ಕಿಂತ ಹಗುರಾಗಿರಲಿಲ್ಲ. ಅಂಥ ಮೈಗಳಿಗೆ ಐದು ರೊಟ್ಟಿ ಹೆಚ್ಚಾಗುತ್ತಿರಲಿಲ್ಲ, ಕೆಲವು ದಿನ ಸಾಲುತ್ತಲೂ ಇರಲಿಲ್ಲ.

ಇವತ್ತು ರಂಟಿಯ ಕೆಲಸ ಟ್ರ್ಯಾಕ್ಟರಿನದು. ಕೊಣ್ಣೂರಿನಿಂದ ಫಾಲ್ಸಿನವರೆಗೆ ನಡೆದು ಪಾಳಿ ಮಾಡಿದವರ ಮೊಮ್ಮಗ ಓಣಿಯ ಕಿರಾಣಿ ಅಂಗಡಿಗೂ ಬೈಕ್ ತೆಗೆಯುತ್ತಾನೆ. ಧೂಪದಾಳದ ಕಾಲುವೆ, ಹಿಡಕಲ್ ಜಲಾಶಯದ ನೀರು ಹರಿದ ಕಡೆ ಜೋಳದ ಹೊಲ ಕಬ್ಬಿನ ಹೊಲವಾಯಿತು. ಕೈಯಲ್ಲಿ ರೊಕ್ಕ ಆಡಿತು, ಗಂಗಾಳಕ್ಕೆ ಬಿಳಿ ಅನ್ನ, ಮೈದಾ, ಪಾಮ್ ಎಣ್ಣೆ, ಬೇಕರಿಯ ಖಾರಾ ಬಂದವು. ರೊಟ್ಟಿಯ ಸಂಖ್ಯೆ ಮಾತ್ರ ಇಳಿಯಲಿಲ್ಲ. ಅದರ ಮೇಲೆ ಅನ್ನ ಕೂಡಿತು, ಅನ್ನದ ಮೇಲೆ ಸಂಜೆಯ ಭಜಿ ಕೂಡಿತು. (ಕಬ್ಬು ಕಡಿಯುವ ಗ್ಯಾಂಗಿನವರು ಈ ಪತ್ರ ಓದುವ ಅಗತ್ಯವಿಲ್ಲ. ಅವರ ಐದು ರೊಟ್ಟಿ ಅವರು ದುಡಿದು ಗಳಿಸಿದ್ದು.)

ಲೆಕ್ಕ ಬೇಕೆಂದರೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಅತಿತೂಕದವರು ಶೇ 22–23ರಷ್ಟಿದ್ದರು. 2019–21ರ ಸುತ್ತಿನಲ್ಲಿ ಹೆಣ್ಣು-ಗಂಡು ಇಬ್ಬರಲ್ಲೂ ಅದು ಶೇ 30 ದಾಟಿತು. ಹತ್ತರಲ್ಲಿ ಮೂವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಲೆಕ್ಕ ಕೊಟ್ಟಿತು. "ಸಕ್ಕರಿ ಬ್ಯಾನಿ ಪಟ್ಟಣದವರದು" ಎಂಬ ಮಾತನ್ನು ಇನ್ನು ಬಿಡಬೇಕು. ತೂಕದ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಅಂಗಿ ಹೊಲಿಯುವವರ ಟೇಪು ಸಾಕು: ಹೊಕ್ಕಳ ಮಟ್ಟದಲ್ಲಿ ಸುತ್ತಿದಾಗ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿಕೊಳ್ಳಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆಯಬೇಡಿ. ಟೇಪಿಗೆ ಮೋಸ ಮಾಡಿ ಯಾರಿಗೇನು ಲಾಭ?

ಇನ್ನು ಕರದಂಟು. ಗೋಕಾಕದ ಊಟದ ಬಗ್ಗೆ ಬರೆದು ಅದನ್ನು ಬಿಟ್ಟರೆ ಪತ್ರ ಹರಿದು ಹಾಕುವವರಿದ್ದಾರೆ.

ಅದನ್ನು ಮಾಡುವುದನ್ನು ಹತ್ತಿರ ನಿಂತು ನೋಡಿದರೆ ಅದರ ಹಕೀಕತ್ತೆಲ್ಲ ಅರ್ಥವಾಗುತ್ತದೆ. ದೊಡ್ಡ ಕಡಾಯಿಯಲ್ಲಿ ತುಪ್ಪ ಕಾಯುತ್ತಿರುತ್ತದೆ. ಗಿಡದ ಅಂಟನ್ನು, ಹಳದಿ ಬಣ್ಣದ ಒರಟು ಚೂರುಗಳನ್ನು, ಹಿಡಿ ಹಿಡಿಯಾಗಿ ಅದಕ್ಕೆ ಬಿಡುತ್ತಾರೆ. ಚಟಚಟ ಸಪ್ಪಳ ಮಾಡುತ್ತ ಅವು ಉಬ್ಬುತ್ತವೆ, ಬಿಳುಪೇರುತ್ತವೆ, ಒಲೆಯಲ್ಲಿ ಸಿಡಿದ ಅರಳಿನ ಹಾಗೆ ಹಗುರಾಗಿ ಮೇಲೆ ತೇಲುತ್ತವೆ. ಆಚೆ ಒಲೆಯ ಮೇಲೆ ಬೆಲ್ಲದ ಪಾಕ ಹದಕ್ಕೆ ಬಂದಿರುತ್ತದೆ. ಗೋಡಂಬಿ, ಬಾದಾಮಿ, ಉತ್ತತ್ತಿ, ಅಂಜೂರ, ಒಣಕೊಬ್ಬರಿ, ಗಸಗಸೆ ಎಲ್ಲವೂ ಅಂಟಿನ ಜೊತೆ ಆ ಪಾಕಕ್ಕೆ ಬಿದ್ದು, ಪರಾತಕ್ಕೆ ಸುರಿದು, ಬಿಸಿ ಆರುವ ಮುಂಚೆ ಕತ್ತರಿಸಬೇಕು. ಒಳ್ಳೆಯ ಸಾಮಾನು, ಕಲಬೆರಕೆ ಇಲ್ಲದ ಸಾಮಾನು. ಬಾಣಂತಿಯ ನಡ ಗಟ್ಟಿಯಾಗಲಿ, ಗರಡಿಮನೆಯ ಪೈಲ್ವಾನನ ಮೈಗೆ ಕಸುವು ಬರಲಿ ಎಂದು ಕೊಡುತ್ತಿದ್ದ ತಿನಿಸು ಇದು. ಪೈಲ್ವಾನ ಕೋಳಿ ಕೂಗುವ ಮುಂಚೆ ಎದ್ದು ನೂರುಗಟ್ಟಲೆ ದಂಡ, ಬೈಠಕ್ ಹೊಡೆದು, ಕೆಂಪು ಮಣ್ಣಿನಲ್ಲಿ ಹೊರಳಾಡಿ ಬಂದು ಇದನ್ನು ತಿನ್ನುತ್ತಿದ್ದ. ಕುಸ್ತಿ ಬಿಟ್ಟ ಮೇಲೂ ತಿನ್ನುವುದನ್ನು ಬಿಡದ ಪೈಲ್ವಾನರು ಐವತ್ತಕ್ಕೇ ಮೊಣಕಾಲು ಹಿಡಿದು ಕೂತದ್ದನ್ನು ಈ ಸೀಮೆಯ ಎಲ್ಲ ಊರೂ ಕಂಡಿದೆ. ನಮ್ಮೆಲ್ಲರ ಕಥೆ ಈಗ ಆ ನಿವೃತ್ತ ಪೈಲ್ವಾನನದೇ. ವ್ಯತ್ಯಾಸ ಇಷ್ಟೇ, ನಾವು ಒಂದು ದಿನವೂ ಕುಸ್ತಿ ಆಡಿಲ್ಲ.

100 ಗ್ರಾಂ ಬೆಲ್ಲದಲ್ಲಿ 380ರ ಆಸುಪಾಸು ಕ್ಯಾಲೊರಿ, ಅಷ್ಟೇ ಬಾದಾಮಿ-ಗೋಡಂಬಿಯಲ್ಲಿ 600ರ ಸಮೀಪ, ತುಪ್ಪದಲ್ಲಿ 900ರ ಸಮೀಪ. ಹೀಗಾಗಿ 40 ಗ್ರಾಮಿನ ಒಂದು ತುಂಡು ಕರದಂಟು ಸರಿಸುಮಾರು ಒಂದು ದೊಡ್ಡ ಜೋಳದ ರೊಟ್ಟಿಗೆ ಸಮ. ರೊಟ್ಟಿಯನ್ನು ಮುರಿದು, ಅಗಿದು, ನುಂಗಲು ಹೊತ್ತು ಬೇಕು. ಮೂರನೆಯದಕ್ಕೆ ದವಡೆಯೇ ಸಾಕು ಅನ್ನುತ್ತದೆ. ಕರದಂಟು ನಾಲ್ಕು ಕಡಿತಕ್ಕೆ ಮುಗಿದು ಐದನೆಯದನ್ನು ಕರೆಯುತ್ತದೆ. ಬಿಡಿ ಎಂದು ಈ ಪತ್ರ ಹೇಳುವುದಿಲ್ಲ, ಹೇಳಿದರೆ ನೀವು ಕೇಳುವವರೂ ಅಲ್ಲ. ಕೇಳಿಕೊಳ್ಳುವುದು ಇಷ್ಟು: ಕಿಲೋ ಡಬ್ಬಿ ಬದಲು ಕಾಲು ಕಿಲೋ ಒಯ್ಯಿರಿ. ಊಟದ ಮೇಲೆ ತಿನ್ನುವುದನ್ನು ನಿಲ್ಲಿಸಿ, ಬೆಳಿಗ್ಗೆ ಅಡ್ಡಾಡಿ ಬಂದ ಮೇಲೆ ಶಿರಾದ ಬದಲಿಗೆ ಒಂದೇ ತುಂಡು, ಕೂತು, ನಿಧಾನಕ್ಕೆ. ಡಬ್ಬಿ ಟಿವಿ ಪಕ್ಕದಲ್ಲಿ ಇರಬಾರದು, ಅಟ್ಟದ ಮೇಲಿರಲಿ. ಪುಣೆಯಿಂದ, ಬೆಂಗಳೂರಿನಿಂದ ಬಂದ ಬೀಗರು ಹೊರಟಾಗ ಉಳಿದದ್ದನ್ನು ಕಟ್ಟಿ ಕಳಿಸಿ; ಊರಿನ ಮರ್ಯಾದೆಯೂ ಉಳಿಯಿತು, ನಿಮ್ಮ ಸೊಂಟವೂ ಉಳಿಯಿತು.

ಬೆಲ್ಲದ ಮಾತು ಬಂತು. "ಸಕ್ಕರಿ ಬಿಟ್ಟೀನ್ರೀ, ಈಗ ಬರೇ ಬೆಲ್ಲದ ಚಾ" ಎಂದು ಎದೆ ತಟ್ಟಿ ಹೇಳುವವರು ಗೋಕಾಕದ ಬಸ್ ಸ್ಟ್ಯಾಂಡಿನ ಸುತ್ತ ಹತ್ತು ಮಂದಿ ಸಿಗುತ್ತಾರೆ. ಬೆಲ್ಲದಲ್ಲಿ ತುಸು ಖನಿಜಾಂಶ ಇರುವುದು ನಿಜ, ರುಚಿ ಹೆಚ್ಚು ಎನ್ನುವುದೂ ನಿಜ. ರಕ್ತದೊಳಗೆ ಇಳಿದ ಮೇಲೆ ಅದು ಮಾಡುವ ಕೆಲಸ ಸಕ್ಕರೆಯದೇ. ಎರಡು ಚಮಚ ಸಿಹಿಯ ಚಹಾ ದಿನಕ್ಕೆ ಐದು ಸಲ ಕುಡಿದರೆ 50 ಗ್ರಾಂ ಆಯಿತು. ದಿನಕ್ಕೆ 25 ಗ್ರಾಮಿನ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿದೆ. ಅದಕ್ಕೆ ಔಷಧ ನಮ್ಮ ಚಹಾದಂಗಡಿಯಲ್ಲೇ ಇದೆ: ಬೈಟೂ. ಗೆಳೆಯನೂ ಉಳಿಯುತ್ತಾನೆ, ಸಕ್ಕರೆ ಅರ್ಧವಾಗುತ್ತದೆ, ರೊಕ್ಕವೂ ಅರ್ಧ.

ಈಗ ಗಂಗಾಳ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಊಟಕ್ಕೆ 17 ಸೂಚನೆಗಳನ್ನು ಹೊರತಂದಿತು. ಕೂತು ಕೆಲಸ ಮಾಡುವ, 2000 ಕ್ಯಾಲೊರಿ ಸಾಕಾಗುವ ಒಬ್ಬರಿಗೆ ದಿನಕ್ಕೆ ಅದು ಹಾಕಿಕೊಟ್ಟ ಲೆಕ್ಕ: ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರ್, ಶೇಂಗಾ-ಎಳ್ಳು-ಬಾದಾಮಿಯಂಥವು 35 ಗ್ರಾಂ, ಎಣ್ಣೆ-ತುಪ್ಪ ಸೇರಿ 27 ಗ್ರಾಂ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದುಕೊಂಡರೆ 250 ಗ್ರಾಂ ಅಂದರೆ ಐದು ರೊಟ್ಟಿ, ಅದೂ ಇಡೀ ದಿನಕ್ಕೆ. ಬೆಳಗಿನ ಉಪ್ಪಿಟ್ಟು, ಅವಲಕ್ಕಿ, ಮಧ್ಯಾಹ್ನದ ಅನ್ನ, ರಾತ್ರಿಯ ಚಪಾತಿ ಎಲ್ಲ ಆ ಐದರೊಳಗೇ ಸೇರಬೇಕು. ಒಮ್ಮೆ ನಿಮ್ಮ ನಿನ್ನೆಯ ದಿನವನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಧಾನ್ಯ ದುಪ್ಪಟ್ಟು, ಎಣ್ಣೆ ದುಪ್ಪಟ್ಟು, ತರಕಾರಿ ಅರ್ಧಕ್ಕಿಂತ ಕಡಿಮೆ ಎಂದು ಬಹುತೇಕರಿಗೆ ಉತ್ತರ ಬರುತ್ತದೆ.

ಸಂತೋಷದ ಸಂಗತಿ ಏನೆಂದರೆ ಇದನ್ನು ಸರಿಪಡಿಸಲು ಓಟ್ಸು, ಕಿನೋವಾ, ಡಬ್ಬಿಯ ಪುಡಿ ಯಾವುದೂ ಬೇಡ. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಹೊಟ್ಟೆ ತುಂಬಿದೆ ಎಂಬ ಸುದ್ದಿ ತಲೆಗೆ ಮುಟ್ಟಿಸುವುದರಲ್ಲಿ ಈ ನಾರು ದೊಡ್ಡ ಪಾತ್ರಧಾರಿ. ಮಡಕಿಕಾಳು, ಹೆಸರುಕಾಳು, ಹುರುಳಿಕಾಳುಗಳಲ್ಲಿ ಐದನೆಯ ಒಂದು ಪಾಲು ಪ್ರೋಟೀನ್. ಹಳೆಯ ಬುತ್ತಿ ಗಂಟಿನಲ್ಲಿ ಲಗಾಮು ಮೊದಲೇ ಕಟ್ಟಿತ್ತು. ನಾವು ಕುದುರೆ ಇಟ್ಟುಕೊಂಡು ಲಗಾಮು ಬಿಚ್ಚಿದೆವು. ಎರಡು ರೊಟ್ಟಿ, ದೊಡ್ಡ ಬಟ್ಟಲು ಕಾಳುಪಲ್ಯ, ಒಂದು ಹಿಡಿ ಹಸಿ ಮೆಂತೆ, ಮೂಲಂಗಿ, ಸೌತೆಕಾಯಿ, ಗಜ್ಜರಿ, ಒಂದು ಲೋಟ ತಿಳಿ ಮಜ್ಜಿಗೆ: ಇಷ್ಟು ಉಂಡು ಎದ್ದರೆ ಸಂಜೆ ಆರರವರೆಗೆ ಹೊಟ್ಟೆ ತಂಟೆ ಮಾಡುವುದಿಲ್ಲ. ಎಣ್ಣೆಗಾಯಿ ಬದನೆಕಾಯಿ ವಾರಕ್ಕೊಮ್ಮೆ ಇರಲಿ. ಅದರ ಹೆಸರಿನಲ್ಲೇ ಎಣ್ಣೆ ಇದೆ. ಶೇಂಗಾಚಟ್ನಿಯನ್ನು ಚಮಚದಿಂದ ಹಾಕಿಕೊಳ್ಳಿ, ಮುಷ್ಟಿಯಿಂದ ಬೇಡ. ಮೇಲೆ ಸುರಿಯುವ ಹಸಿ ಎಣ್ಣೆಯನ್ನು ನಿಲ್ಲಿಸಿ. ಹಪ್ಪಳ, ಉಪ್ಪಿನಕಾಯಿಗಳ ಉಪ್ಪಿನ ಬಗ್ಗೆ ಬಿಪಿ ಇದ್ದವರಿಗೆ ಬೇರೆ ಹೇಳಬೇಕಿಲ್ಲ.

ಉಣ್ಣುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 11 ಮಂದಿ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ರೀತಿಯಲ್ಲಿ ಕೊಟ್ಟು ನೋಡಿದರು. ತರಕಾರಿ ಮತ್ತು ಪ್ರೋಟೀನ್ ಮೊದಲು, ಬ್ರೆಡ್ಡು ಆಮೇಲೆ ತಿಂದ ದಿನ ಒಂದು ಗಂಟೆಯ ನಂತರದ ರಕ್ತದ ಸಕ್ಕರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಗ್ಗಿತ್ತು. ಸಣ್ಣ ಅಧ್ಯಯನ, ಒಪ್ಪೋಣ. ಆದರೆ ಖರ್ಚಿಲ್ಲದ ಉಪಾಯ. ಕಾಯಿಪಲ್ಯೆ, ಕಾಳು ಮೊದಲು; ರೊಟ್ಟಿ ಜೊತೆಗೆ; ಅನ್ನ ಕೊನೆಗೆ, ಅದೂ ಹಸಿವು ಉಳಿದಿದ್ದರೆ.

ಅವಸರದ ಊಟದ ಬಗ್ಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಇದೆ. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಮಂದಿಯನ್ನು ನಾಲ್ಕು ವಾರ ತಮ್ಮ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ, ಎರಡು ವಾರ ಅಡುಗೆಮನೆಯ ಸಾದಾ ಆಹಾರ; ಎರಡರಲ್ಲೂ ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮ, ಎಷ್ಟು ಬೇಕಾದರೂ ತಿನ್ನಬಹುದು. 2019ರಲ್ಲಿ ಪ್ರಕಟವಾದ ಫಲಿತಾಂಶ: ಪೊಟ್ಟಣದ ದಿನಗಳಲ್ಲಿ ಜನ ದಿನಕ್ಕೆ 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡು ವಾರದಲ್ಲಿ ಸುಮಾರು ಒಂದು ಕಿಲೋ ಏರಿದರು. ಅವರಾರೂ ಆಸೆಬುರುಕರಲ್ಲ. ಮೆತ್ತಗಿನ, ಅಗಿಯುವ ಕೆಲಸವೇ ಇಲ್ಲದ ಆಹಾರ ಹೊಟ್ಟೆಯ ಸುದ್ದಿ ತಲೆಗೆ ಮುಟ್ಟುವ ಮೊದಲೇ ಒಳಗೆ ಇಳಿದುಬಿಡುತ್ತದೆ. ಆ ಸುದ್ದಿ ಮುಟ್ಟಲು ಇಪ್ಪತ್ತು ನಿಮಿಷದ ಹತ್ತಿರ ಬೇಕು. ಶಾಲೆಯ ಗೇಟಿನಲ್ಲಿ ಐದು ರೂಪಾಯಿಗೆ ಸಿಗುವ ಕುರುಕಲು ಪೊಟ್ಟಣ ನಿಮ್ಮ ಮಕ್ಕಳ ಕೈಗೆ ಏಕೆ ಅಷ್ಟು ಅಂಟಿಕೊಂಡಿದೆ ಎನ್ನುವುದಕ್ಕೂ ಇದೇ ಉತ್ತರ.

"ಸಣ್ಣ ತಾಟಿನಲ್ಲಿ ಉಂಡರೆ ತಾನಾಗೇ ಕಡಿಮೆ ಉಣ್ಣುತ್ತೀರಿ" ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದನ್ನು ಜನಪ್ರಿಯ ಮಾಡಿದ ಕಾರ್ನೆಲ್‌ನ ಸಂಶೋಧಕ ಬ್ರಯಾನ್ ವಾನ್ಸಿಂಕ್ ಅವರ ಹಲವಾರು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು, 2018ರಲ್ಲಿ ಅವರು ಹುದ್ದೆ ಬಿಡುವುದಾಗಿ ಘೋಷಿಸಬೇಕಾಯಿತು. ಹಾಗಾಗಿ ಅಜ್ಜಿಯ ಗಂಗಾಳವನ್ನು ಗುಜರಿಯವನಿಗೆ ಹಾಕುವ ಅವಸರ ಬೇಡ. ತಾಟು ದೊಡ್ಡದಿದ್ದರೆ ಇರಲಿ, ಅದರ ಅರ್ಧ ಭಾಗ ಕಾಯಿಪಲ್ಯೆಗೆ ಮೀಸಲಿಡಿ. ಎರಡನೆಯ ಸಲ ಹಾಕಿಸಿಕೊಳ್ಳುವ ಮುಂಚೆ ಕೈ ಒಣಗುವಷ್ಟು ಹೊತ್ತು ಸುಮ್ಮನೆ ಕೂತಿರಿ. ರೊಟ್ಟಿಯ ಬುಟ್ಟಿ ಒಲೆಯ ಹತ್ತಿರವೇ ಇರಲಿ, ಊಟದ ನಡುವೆ ಬೇಡ.

ಉಪವಾಸದಿಂದ ತೂಕ ಇಳಿಸಲು ಹೊರಟವರಿಗೆ ಗಡಿಯಾಚೆಯ ಮರಾಠಿ ಮಂದಿಯ ಮಾತೊಂದು ನಮ್ಮಲ್ಲೂ ಚಾಲ್ತಿಯಲ್ಲಿದೆ: ಏಕಾದಶಿ, ದುಪ್ಪಟ್ಟ ಖಾಶಿ (ಏಕಾದಶಿಗೆ ದುಪ್ಪಟ್ಟು ತಿನ್ನುತ್ತಿ). ಸಾಬೂದಾನಿ ಖಿಚಡಿ, ಶೇಂಗಾ ಉಂಡಿ, ಬಟಾಟೆ ಚಿಪ್ಸ್, ಬಾಳೆಹಣ್ಣು, ಮೇಲೆ ಎರಡು ಚಹಾ. ಉಪವಾಸದ ದಿನದ ಲೆಕ್ಕ ಉಳಿದ ದಿನಗಳನ್ನು ಮೀರಿಸುತ್ತದೆ. ದೇವರ ಹೆಸರಿನ ಉಪವಾಸಕ್ಕೆ ಈ ಪತ್ರದ ತಕರಾರಿಲ್ಲ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಅರ್ಧ ಉಂಡು, ರಾತ್ರಿ ಸೇಡು ತೀರಿಸಿಕೊಳ್ಳುವ ಉಪವಾಸಕ್ಕೆ ಇದೆ. ಮೂರು ಹೊತ್ತು ಹೊತ್ತಿಗೆ ಸರಿಯಾಗಿ ಉಂಡವನಿಗೆ ರಾತ್ರಿಯ ಹಸಿವು ಅಷ್ಟು ಕಾಡುವುದಿಲ್ಲ. ಅಂಗಡಿಕಾರರೇ, ಮಧ್ಯಾಹ್ನದ ಡಬ್ಬಿ ಗಲ್ಲಾದ ಪಕ್ಕದಲ್ಲಿಟ್ಟುಕೊಂಡು ಗಿರಾಕಿ ನಡುವೆಯಾದರೂ ಉಣ್ಣಿರಿ. ಒಂದು ಎಚ್ಚರ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ತಗ್ಗಿಸಬಾರದು, ಸಕ್ಕರೆ ಧಿಡೀರ್ ಕುಸಿದು ಬಿದ್ದುಬಿಡುವ ಅಪಾಯವಿದೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಿಂದ ಹೆಸರು ಮಾಡುತ್ತಿವೆ. ಅವೂ ತಜ್ಞರ ಕೈಯಲ್ಲಿರಬೇಕಾದ ಮದ್ದು, ಗೆಳೆಯರ ಸಲಹೆಯ ಮೇಲೆ ಹಾಕಿಸಿಕೊಳ್ಳುವಂಥವಲ್ಲ.

ಮಳೆಗಾಲದಲ್ಲಿ ಫಾಲ್ಸ್ ತುಂಬಿ ಧುಮುಕುವ ಹೊತ್ತಿಗೆ ನಾಲ್ಕೂ ದಿಕ್ಕಿನಿಂದ ಜನ ಬರುತ್ತಾರೆ. ಹನಿ ಮುಖಕ್ಕೆ ಸಿಡಿಯುತ್ತಿದ್ದರೆ ಮಿರ್ಚಿ ಭಜಿ ಬೇಡ ಅನ್ನುವುದು ಸಾಧ್ಯವೇ ಎಂದು ಕೇಳುವಿರಿ. ಒಂದು ತಿನ್ನಿ, ಹಂಚಿಕೊಂಡು ತಿನ್ನಿ. ಕಡಾಯಿಯ ಎಣ್ಣೆ ಕಪ್ಪಾಗಿದ್ದರೆ ಅದೂ ಬೇಡ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣ ಶೇ 25 ದಾಟಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಪಕ್ಕದಲ್ಲೇ ಕೆಂಡದ ಮೇಲೆ ಗೊಂಜಾಳದ ತೆನೆ ಸುಡುತ್ತಿರುತ್ತಾರೆ. ನಿಂಬೆಹಣ್ಣಿಗೆ ಉಪ್ಪು-ಖಾರ ಹಚ್ಚಿ ಉಜ್ಜಿ ಕೊಡುವ ಆ ತೆನೆಯಲ್ಲಿ ಎಣ್ಣೆಯ ಹನಿಯಿಲ್ಲ, ತಿಂದು ಮುಗಿಸಲು ಹತ್ತು ನಿಮಿಷ ಬೇಕು, ಹಲ್ಲಿಗೂ ಕೆಲಸ. ಬೆಳೆದವನಿಗೂ ನಾಲ್ಕು ಕಾಸು.

ನಿಮ್ಮಲ್ಲಿ ಕೆಲವರಿಗೆ ಮೇಲಿನ ಯಾವ ಉಪಾಯವೂ ಹತ್ತುವುದಿಲ್ಲ ಎಂಬುದು ಈ ಪತ್ರ ಬರೆಯುವವನಿಗೆ ಗೊತ್ತು. ಹಸಿವೇ ಇಲ್ಲದಾಗ, ಒಬ್ಬರೇ, ಬಾಗಿಲು ಹಾಕಿಕೊಂಡು, ಬೇಗ ಬೇಗ, ಹೊಟ್ಟೆ ನೋಯುವವರೆಗೆ ತಿಂದು, ಆಮೇಲೆ ನಾಚಿಕೆಯಿಂದ ಒಳಗೊಳಗೇ ಅಳುವವರಿದ್ದಾರೆ. ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳು ಕಳೆದಿದ್ದರೆ ಅದು ಚಪಲವಲ್ಲ, ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದಕ್ಕೆ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಸಾಲ, ಸೊಸೆಯ ಮೇಲಿನ ಒತ್ತಡ, ಪಾಳಿ ಕೆಲಸದ ನಿದ್ದೆಗೇಡು, ತೀರಿಹೋದವರ ನೆನಪು, ಯಾವುದಾದರೂ ಅದರ ಬೇರಾಗಿರಬಹುದು. ಮಾತಿನ ಚಿಕಿತ್ಸೆಯಿಂದ ಅದು ಹಿಡಿತಕ್ಕೆ ಬರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು-ರಾತ್ರಿ, ಕನ್ನಡದಲ್ಲಿ, ಬಿಟ್ಟಿ. ಹೆಸರು ಹೇಳಲು ಮುಜುಗರವಾದರೂ ಫೋನು ಮಾಡಿ. ಕಂಡು ಮಾತಾಡಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ಇಂಥವರಿದ್ದ ಮನೆಯವರೇ, ದಯವಿಟ್ಟು ಡಬ್ಬಿಗಳಿಗೆ ಕೀಲಿ ಹಾಕಿ, ತಿಂದ ತುತ್ತು ಎಣಿಸಿ ಅವರನ್ನು ಇನ್ನಷ್ಟು ಬಚ್ಚಿಟ್ಟುಕೊಳ್ಳುವಂತೆ ಮಾಡಬೇಡಿ.

ಈಗ ಬಡಿಸುವ ಕೈಗಳಿಗೆ.

ಹುಕ್ಕೇರಿ ಕಡೆಯ ಒಂದು ಲಗ್ನದ ಪಂಕ್ತಿಯಲ್ಲಿ ಕಂಡದ್ದು. ಅರವತ್ತರ ಹಿರಿಯರೊಬ್ಬರು ಹೋಳಿಗೆ ಬಂದಾಗ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದರು, "ಸಕ್ಕರಿ ಐತಿ ತಮ್ಮಾ, ಬ್ಯಾಡೋ" ಅಂದರು. ಬಡಿಸುವ ಹುಡುಗ ನಗುತ್ತ ಬೆರಳ ಸಂದಿಯಿಂದ ಹೋಳಿಗೆ ಜಾರಿಸಿದ, ಹಿಂದೆ ಬಂದವ ಮಿಳ್ಳೆಯಿಂದ ತುಪ್ಪ ಹೊಯ್ದ, ಅವರ ಬೆರಳ ಮೇಲೇ. ಪಂಕ್ತಿಯೆಲ್ಲ ನಕ್ಕಿತು. ಹಿರಿಯರೂ ನಕ್ಕರು, ಬೆರಳು ಒರೆಸಿಕೊಂಡರು, ಉಂಡರು. ಎಲೆಯಲ್ಲಿ ಅನ್ನ ಬಿಡಬಾರದೆಂದು ಕಲಿತು ಬೆಳೆದವರು. ಪ್ರೀತಿಯಿಂದಲೇ ಮಾಡಿದ್ದು, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ರಾತ್ರಿಯ ಸಕ್ಕರೆಯ ಏರಿಕೆಯನ್ನು ಅನುಭವಿಸಿದವರು ಅವರೊಬ್ಬರೇ.

ಲಗ್ನ ಮಾಡುವವರಲ್ಲಿ, ಜಾತ್ರೆಯ ದಾಸೋಹ ನಡೆಸುವ ಕಮಿಟಿಗಳಲ್ಲಿ, ಶ್ರಾವಣದ ಪ್ರಸಾದದ ಹೊಣೆ ಹೊತ್ತವರಲ್ಲಿ ಕೈಮುಗಿದು ಕೇಳುವುದಿಷ್ಟು. ಎಲೆಯ ಮೇಲೆ ಕೈ ಅಡ್ಡ ಬಂದರೆ ಅದೇ ಕೊನೆಯ ಮಾತಾಗಲಿ, ಎರಡನೆಯ ಸಲ ಕೇಳಬೇಡಿ ಎಂದು ಬಡಿಸುವ ಹುಡುಗರಿಗೆ ಮೊದಲೇ ಹೇಳಿಡಿ. ಹೋಳಿಗೆಯನ್ನು ಅರ್ಧ ಮಾಡಿ ಬಡಿಸಿ, ಬೇಕಾದವರು ಕೇಳಿ ಹಾಕಿಸಿಕೊಳ್ಳುತ್ತಾರೆ. ಹುಗ್ಗಿ, ಅನ್ನ ಬರುವ ಮುಂಚೆ ಎಲೆಗೆ ಕೋಸಂಬರಿ, ಸೌತೆಕಾಯಿ, ಕಾಳುಪಲ್ಯ ಧಾರಾಳವಾಗಿ ಬೀಳಲಿ, ಪಂಕ್ತಿ ಅವನ್ನು ಉಣ್ಣುವಷ್ಟು ಹೊತ್ತು ಬಿಟ್ಟು ಅನ್ನದ ಬುಟ್ಟಿ ಹೊರಡಲಿ. ತಂಪು ಪಾನೀಯದ ಬಾಟಲಿ ಬದಲು ಮಜ್ಜಿಗೆಯ ಕೊಳಗ ಇರಲಿ. ಆ ಕೊಳಗ ಬಾಟಲಿಗಿಂತ ಸೋವಿಯೂ ಹೌದು.

ತಾಯಂದಿರಲ್ಲಿ ಇನ್ನೊಂದು ಕೋರಿಕೆ. ಉಳಿದ ಪಲ್ಯವನ್ನು ಬಳಿದು ಉಣ್ಣುವ ಹೊಣೆ ನಿಮ್ಮೊಬ್ಬರ ಮೇಲೆಯೇ ಏಕೆ ಬೀಳಬೇಕು? ನಾಳೆಯಿಂದ ಒಂದು ಮುಷ್ಟಿ ಹಿಟ್ಟು ಕಡಿಮೆ ನಾದಿರಿ, ಪಲ್ಯಕ್ಕೆ ಒಂದು ಸೌಟು ಕಡಿಮೆ ಇಡಿ. ಆದರೂ ಉಳಿದರೆ ಎತ್ತಿಟ್ಟು ಬೆಳಿಗ್ಗೆ ಎಲ್ಲರಿಗೂ ಹಂಚಿ. ಕೊನೆಗೆ ಒಬ್ಬರೇ ಕೂತು ಉಣ್ಣುವುದನ್ನು ಬಿಟ್ಟು ಎಲ್ಲರ ಜೊತೆ ಉಣ್ಣಿರಿ; ಎಷ್ಟು ಉಂಡಿರೆಂಬುದು ಆಗ ನಿಮಗೂ ತಿಳಿಯುತ್ತದೆ, ಮನೆಯವರಿಗೂ ತಿಳಿಯುತ್ತದೆ.

ಮುಂದಿನ ಲಗ್ನದ ಹಂಗಾಮಿನಲ್ಲಿ ಯಾರಾದರೂ ಒಂದು ಪಂಕ್ತಿಯಲ್ಲಿ ಅರ್ಧ ಹೋಳಿಗೆಯ ಪ್ರಯೋಗ ಮಾಡಿದರೆ, ಎಷ್ಟು ಹೋಳಿಗೆ ಉಳಿದವು, ಎಷ್ಟು ಜನ ಎರಡನೆಯ ಅರ್ಧ ಕೇಳಿದರು ಎಂದು ಲೆಕ್ಕ ಇಟ್ಟು ಈ ಪತ್ರಿಕೆಗೆ ಬರೆದು ಕಳಿಸಿರಿ ಎಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಗೋಕಾಕ ಫಾಲ್ಸ್ ಕಡೆಯ ಒಬ್ಬ ಲೇಖಕ